ಕಡೂರು ಕಡೆ ಒಂಬತ್ತು ಮನೆ ಸೇರಿ ಅಕ್ವಾಪೋನಿಕ್ಸ್ ಶುರು ಮಾಡಬಹುದಾ? ಮಾಡಿ ನೋಡಿದವರು ಹೇಳಿ

ಬಯಲುಸೀಮೆ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಡೂರು ತಾಲ್ಲೂಕು, ಸಖರಾಯಪಟ್ಟಣದಿಂದ ಸ್ವಲ್ಪ ಒಳಗೆ. ಬಾಬಾಬುಡನ್ ಬೆಟ್ಟದ ಆ ಕಡೆ ಮಳೆ ಸುರಿದು ಧರೆ ಕುಸಿಯುತ್ತಿರುತ್ತದೆ, ಈ ಕಡೆ ನಮಗೆ ಬರೀ ಮೋಡ ಕಾಣುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರಲ್ಲ, ಆ ವರ್ಷ ನಮ್ಮ ಬೋರ್ ನಿಂತೇ ಹೋಯಿತು. ಅಡಿಕೆ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹಾಕಿಸಿದೆವು. ಮರುವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಈರುಳ್ಳಿ ಹೊಲದಲ್ಲೇ ಕೊಳೆಯಿತು.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಂಬತ್ತು ಮನೆಯವರು ಸೇರಿ ಏನಾದರೂ ಮಾಡಬೇಕು ಅಂತ ಕೂತಿದ್ದೇವೆ. ಯಾರಿಗೂ ಎರಡು ಎಕರೆಗಿಂತ ಜಾಸ್ತಿ ಜಮೀನಿಲ್ಲ. ಇಬ್ಬರಿಗಂತೂ ಹದಿನೈದು ಗುಂಟೆ ಅಷ್ಟೇ. ಬೆಂಗಳೂರಿಂದ ಒಂದು ಕಂಪನಿಯವರು ಬಂದು ಅಕ್ವಾಪೋನಿಕ್ಸ್ ಬಗ್ಗೆ ಹೇಳಿದರು. ಟ್ಯಾಂಕಿನಲ್ಲಿ ಮೀನು ಸಾಕುವುದು, ಆ ನೀರಲ್ಲೇ ಮಣ್ಣಿಲ್ಲದೆ ಸೊಪ್ಪು ಬೆಳೆಯುವುದು, ನೀರು ಮತ್ತೆ ಟ್ಯಾಂಕಿಗೇ ವಾಪಸ್ಸು. ನೀರು ಹತ್ತರಲ್ಲಿ ಒಂದು ಪಾಲು ಸಾಕು ಅಂದರು. ಎಲ್ಲ ಹಾಕಿಕೊಡಲು ಆರು ಲಕ್ಷ ಕೇಳುತ್ತಿದ್ದಾರೆ, ಮೊದಲ ತಿಂಗಳಿಂದಲೇ ಆದಾಯ ಅನ್ನುತ್ತಾರೆ. ನನಗೆ ಆ ಮಾತಿನ ಮೇಲೇ ಅನುಮಾನ. ಸಾಲ ಮಾಡಿ ಹಾಕಿದ ಮೇಲೆ ಮೀನು ಸತ್ತರೆ ಒಂಬತ್ತು ಮನೆಯೂ ಒಟ್ಟಿಗೆ ಮುಳುಗುತ್ತವೆ.

ಇನ್ನೊಂದು ವಿಷಯ. ನಮ್ಮಲ್ಲಿ ಮೂರು ಮನೆಯವರು ಮೀನು ಮುಟ್ಟುವುದಿಲ್ಲ. ಅವರನ್ನು ಬಿಟ್ಟು ಮಾಡಲು ನನಗೆ ಮನಸ್ಸಿಲ್ಲ. ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಹೇಳಿ, ಕೆಟ್ಟ ಅನುಭವ ಆಗಿದ್ದರೂ ಹೇಳಿ.

ಯಗಚಿ ದಂಡೆ:

ಅಕ್ಕ, ನಾನು ಬೇಲೂರು ಹತ್ತಿರದವನು. ಮೂರು ವರ್ಷದಿಂದ ಮನೆ ಹಿಂದೆ ಮಾಡುತ್ತಿದ್ದೇನೆ. ಮೊದಲು ಒಂದು ಮಾತು, ಆರು ಲಕ್ಷ ಕೊಡಬೇಡಿ. ಆ ಕಂಪನಿಯವರು ಕೆಟ್ಟವರು ಅಂತಲ್ಲ, ನನಗೆ ಅವರು ಯಾರು ಅಂತಲೂ ಗೊತ್ತಿಲ್ಲ. ಆದರೆ ಅಕ್ವಾಪೋನಿಕ್ಸ್‌ನಲ್ಲಿ ಮೊದಲ ತಿಂಗಳಿಂದ ಆದಾಯ ಬರಲು ಸಾಧ್ಯವೇ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಅದನ್ನು ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದೇ ಗಿಡದ ಗೊಬ್ಬರ. ಈ ಬ್ಯಾಕ್ಟೀರಿಯಾ ಗಿಡ ನಿಲ್ಲಿಸಲು ಹಾಕುವ ಜಲ್ಲಿ ಮೇಲೆ, ಪೈಪಿನ ಒಳಗೆ ಕಣ್ಣಿಗೆ ಕಾಣದ ಹಾಗೆ ಹತ್ತಿಕೊಂಡು ಬೆಳೆಯಬೇಕು, ಅದಕ್ಕೇ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತಾಳ್ಮೆ ಇಲ್ಲದೆ ಮೀನು ತುಂಬಿದರೆ ಸಾಯುತ್ತವೆ. ಮೊಸರಿಗೆ ಹೆಪ್ಪು ಹಾಕಿ ಕಾಯುತ್ತೇವಲ್ಲ, ಹಾಗೇ. ಆಮೇಲೆ ಸೊಪ್ಪು ಕೊಯ್ಲಿಗೆ ಬರಲು ಇನ್ನೂ ನಾಲ್ಕೈದು ವಾರ, ಮೀನು ಮಾರಲು ಆರೆಂಟು ತಿಂಗಳು. ಹೀಗಿರುವಾಗ ಮೊದಲ ತಿಂಗಳು ದುಡ್ಡು ಎಲ್ಲಿಂದ ಬರಬೇಕು?

ಈಗ ನನ್ನ ಎರಡು ಪೆಟ್ಟು ಹೇಳುತ್ತೇನೆ, ನಿಮಗೆ ಆಗದಿರಲಿ.

ಮೊದಲನೇ ವರ್ಷ ಮೇ ತಿಂಗಳಲ್ಲಿ ಗಾಳಿ ಮಳೆಗೆ ಕರೆಂಟ್ ಹೋಯಿತು. ರಾತ್ರಿ ಒಂಬತ್ತಕ್ಕೆ ಹೋದದ್ದು, ನಾನು ಬರುತ್ತದೆ ಬಿಡು ಅಂತ ಮಲಗಿದೆ. ನಾಲ್ಕು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ನೋಡಿದರೆ ಮೀನೆಲ್ಲ ನೀರಿನ ಮೇಲೆ ಬಾಯಿ ತೆರೆದು ಗಾಳಿ ಎಳೆಯುತ್ತಿವೆ. ನಾನೂ ಅಮ್ಮನೂ ಬಿಂದಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ನಿಂತೆವು, ಬೆಳಕು ಹರಿಯುವವರೆಗೂ. ಕೈ ಸೋತು ಹೋಯಿತು. ಅರ್ಧ ಉಳಿದವು. ಆ ವಾರವೇ ಇನ್ವರ್ಟರ್ ಹಾಕಿಸಿದೆ. ಅಲ್ಲೊಂದು ಸೂಕ್ಷ್ಮ ಇದೆ. ಇನ್ವರ್ಟರಿಗೆ ನೀರಿನ ಪಂಪ್ ಕೊಡಬೇಡಿ, ಗಾಳಿ ಪಂಪ್ ಮಾತ್ರ ಕೊಡಿ. ಗಿಡಕ್ಕೆ ಅರ್ಧ ದಿನ ನೀರು ಹರಿಯದಿದ್ದರೂ ತಡೆಯುತ್ತದೆ, ಮೀನಿಗೆ ಗಾಳಿ ತಪ್ಪಬಾರದು. 40 ವ್ಯಾಟಿನ ಗಾಳಿ ಪಂಪ್ ದಿನಕ್ಕೆ ಒಂದು ಯೂನಿಟ್ ತಿನ್ನುತ್ತದೆ ಅಷ್ಟೇ. ಒಂದು 150 ಎಎಚ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೂ ಒಂದು ಇಡೀ ರಾತ್ರಿ ದಾಟಿ ಮಧ್ಯಾಹ್ನದವರೆಗೆ ಬರುತ್ತದೆ. ಪಂಪ್‌ಸೆಟ್ ಲೈನಿನ ಮೂರು ಫೇಸ್ ಕರೆಂಟ್ ನಂಬಿ ಹೊಲದ ಮಧ್ಯೆ ಹಾಕಲೇಬೇಡಿ, ಮನೆ ಪಕ್ಕದಲ್ಲೇ ಇರಲಿ.

ಎರಡನೇ ಪೆಟ್ಟು ಬೋರ್ಡೋ, ಅಂದರೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ದ್ರಾವಣ. ನಮ್ಮ ಪಕ್ಕದ ಅಡಿಕೆ ತೋಟಕ್ಕೆ ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಸುಣ್ಣ ಹೊಡೆದರು, ಎಲ್ಲರೂ ಹೊಡೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಗಾಳಿಗೆ ತೂರಿ ಬಂದದ್ದು ನಮ್ಮ ಶೀಟಿನ ಮೇಲೆ ನೀಲಿ ಪುಡಿಯಾಗಿ ಕೂತಿತ್ತು. ನಾನು ಶೀಟಿನ ಮಳೆನೀರನ್ನೇ ಟ್ಯಾಂಕಿಗೆ ಬಿಡುತ್ತಿದ್ದೆ. ಮೊದಲ ಮಳೆಯ ನೀರು ನೇರ ಒಳಗೆ ಹೋಯಿತು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ಆಗಲ್ಲ, ಆ ಬ್ಯಾಕ್ಟೀರಿಯಾಗೂ ಆಗಲ್ಲ. ಎರಡು ದಿನದಲ್ಲಿ ಮೀನೆಲ್ಲ ಸತ್ತು ಟ್ಯಾಂಕ್ ಖಾಲಿ. ಅಡಿಕೆ, ಕಾಫಿ ಇರುವ ಕಡೆ ಮಾಡುವವರು ಇದನ್ನು ಮರೆಯಬೇಡಿ. ಮೊದಲ ಎರಡು ಮೂರು ಮಳೆ ನೀರು ಹೊರಗೆ ಬಿಡಿ, ಟ್ಯಾಂಕಿಗೆ ಮೇಲೆ ಮುಚ್ಚಳ ಇರಲಿ, ಅಕ್ಕಪಕ್ಕದವರಿಗೆ ಔಷಧಿ ಹೊಡೆಯುವ ಹಿಂದಿನ ದಿನ ಹೇಳಲು ಕೇಳಿಕೊಳ್ಳಿ.

ಹಾಸನ ಮೀನುಮರಿ:

ಮೇಡಂ, ನಾನು ಮೀನುಗಾರಿಕೆ ಓದಿದವನು, ಈಗ ಹಾಸನದಲ್ಲಿ ಇದ್ದೇನೆ. ಮೇಲಿನವರು ಹೇಳಿದ್ದು ಅಷ್ಟೂ ಸರಿ. ನಾನು ಲೆಕ್ಕ ಕೊಡುತ್ತೇನೆ, ಅದನ್ನು ಇಟ್ಟುಕೊಂಡು ಕಂಪನಿಯವರ ಕಾಗದ ಪರೀಕ್ಷೆ ಮಾಡಿ.

ಸಾವಿರ ಲೀಟರಿನ ಟ್ಯಾಂಕ್ ತಗೊಳ್ಳಿ. ಹೊಸಬರು ಅದರಲ್ಲಿ ಮೀನಿನ ಒಟ್ಟು ತೂಕ 20 ಕೆಜಿ ದಾಟಿಸಬಾರದು, 10 ಇದ್ದರೆ ಇನ್ನೂ ನೆಮ್ಮದಿ. ದೊಡ್ಡ ಮೀನು ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದು ಪಾಲು ತಿನ್ನುತ್ತದೆ ಅಂತ ಇಟ್ಟುಕೊಂಡರೆ 20 ಕೆಜಿಗೆ 200 ಗ್ರಾಂ ಮೇವು. ಸೊಪ್ಪಿಗಾದರೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವಿನ ಲೆಕ್ಕ. ಅಂದರೆ ಆ ಟ್ಯಾಂಕ್ ನಾಲ್ಕು ಚದರ ಮೀಟರ್ ಸೊಪ್ಪು ಸಾಕುತ್ತದೆ, ಸುಮಾರು 43 ಚದರ ಅಡಿ, ಎರಡು ಬಾಗಿಲು ಪಕ್ಕಪಕ್ಕ ಮಲಗಿಸಿದಷ್ಟು ಜಾಗ. ಲೆಟ್ಯೂಸ್ ಆದರೆ ಒಂದು ಚದರ ಮೀಟರಿಗೆ 20ರಿಂದ 25 ಗಿಡ, ನಾಲ್ಕೈದು ವಾರಕ್ಕೆ ಕೊಯ್ಲು. ವಾರಕ್ಕೊಮ್ಮೆ ಸಸಿ ನೆಡುತ್ತಾ ಹೋದರೆ ವಾರಕ್ಕೆ ಇಪ್ಪತ್ತು ಗಿಡದ ಹತ್ತಿರ ಸಿಗುತ್ತದೆ. ಮೀನು ಎಂಟು ತಿಂಗಳಿಗೊಮ್ಮೆ 20 ಕೆಜಿ. ಇಷ್ಟೇ. ಇದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ದುಡ್ಡು ಬರುವುದು ಸೊಪ್ಪಿನಿಂದ. ಮೀನು ಗೊಬ್ಬರದ ಕಾರ್ಖಾನೆ ಅಂತ ತಿಳಿದುಕೊಳ್ಳಿ.

ಬೇರೆ ದೇಶಗಳಲ್ಲೂ ಇದು ಸುಲಭ ಆಗಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ವ್ಯಾಪಾರಕ್ಕೆ ಅಂತಲೇ ಅಕ್ವಾಪೋನಿಕ್ಸ್ ಮಾಡುವ 257 ಜನರನ್ನು ಕೇಳಿದ್ದರು. ಹಿಂದಿನ ಹನ್ನೆರಡು ತಿಂಗಳಲ್ಲಿ ಲಾಭ ಕಂಡವರು ಮೂರರಲ್ಲಿ ಒಬ್ಬರಿಗಿಂತ ಕಮ್ಮಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸಾಲದ ದುಡ್ಡಲ್ಲಿ ದೊಡ್ಡದಾಗಿ ಶುರು ಮಾಡುವ ಕೆಲಸ ಇದಲ್ಲ ಅಂತ ತಿಳಿಯಲಿ ಅಂತ ಹೇಳಿದೆ.

ಯಾವ ಮೀನು? ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಎಲ್ಲ ಕಡೆ ಇದಕ್ಕೆ ಬಳಸುತ್ತಾರೆ, ಗಟ್ಟಿ ಜಾತಿ. ಆದರೆ ಅದಕ್ಕೆ 27ರಿಂದ 30 ಡಿಗ್ರಿ ನೀರು ಇಷ್ಟ. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ರಾತ್ರಿ ನೀರು 20ಕ್ಕಿಂತ ಕೆಳಗೆ ಬರುತ್ತದೆ, ಮೀನು ಮೇವು ಬಿಡುತ್ತದೆ. ಆಗ ಸುಮ್ನೆ ಮೇವು ಹಾಕುತ್ತಾ ಹೋದರೆ ಅದು ಕೊಳೆತು ಅಮೋನಿಯಾ ಆಗುತ್ತದೆ. ಜೊತೆಗೆ ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಯಾರಾದರೂ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ, ನಮ್ಮ ದೇಶದಲ್ಲಿ ಅದು ನಿಷೇಧ. ಮೊದಲ ವರ್ಷಕ್ಕೆ ಸಾಮಾನ್ಯ ಗೆಂಡೆ ಹಾಕಿ. ಚಳಿ ತಡೆಯುತ್ತದೆ, ಮರಿಯೂ ಸುಲಭವಾಗಿ ಸಿಗುತ್ತದೆ.

ಬೋರ್ ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, ನೋಡಿಸಿ. ನಿಮ್ಮ ಕಡೆ ನೀರು ಗಡಸು, 8ರ ಮೇಲೆ ಇದ್ದರೆ ಆಶ್ಚರ್ಯ ಇಲ್ಲ. ಪಿಎಚ್ ಜಾಸ್ತಿ ಇದ್ದಷ್ಟೂ ಅದೇ ಅಮೋನಿಯಾ ಮೀನಿಗೆ ಇನ್ನೂ ಜಾಸ್ತಿ ವಿಷ, ಸೊಪ್ಪಿನ ಎಳೆ ಎಲೆಯೂ ಕಬ್ಬಿಣ ಸಿಗದೆ ಹಳದಿ ಆಗುತ್ತದೆ. ಮಳೆನೀರು ಬೆರೆಸಿ 7ರ ಆಸುಪಾಸಿಗೆ ತನ್ನಿ. ಜಲ್ಲಿ ಕ್ವಾರಿಯ ಗ್ರಾನೈಟ್ ಆಗಿರಲಿ. ಅನುಮಾನ ಇದ್ದರೆ ನಾಲ್ಕು ಕಲ್ಲಿನ ಮೇಲೆ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಸುಣ್ಣಕಲ್ಲು, ಅದು ಬೇಡ.

ಸಬ್ಸಿಡಿ ಬಗ್ಗೆ: 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ನೀರು ಮರುಬಳಕೆ ಮಾಡಿ ಮೀನು ಸಾಕುವ ಘಟಕಗಳಿಗೆ ಸಹಾಯಧನ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 60, ಉಳಿದವರಿಗೆ 40. ಹಾಗಾಗಿ ಅರ್ಜಿ ನಿಮ್ಮ ಹೆಸರಲ್ಲೇ ಹಾಕಿ, ಮನೆ ಗಂಡಸರ ಹೆಸರಲ್ಲಿ ಅಲ್ಲ. ಕಟ್ಟಿ ಮುಗಿಸಿ ತೋರಿಸಿದ ಮೇಲೆ ದುಡ್ಡು ಬರುವುದು ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ. ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಹೋಗಿ ಈ ವರ್ಷ ಯೋಜನೆ ಇದೆಯಾ, ಅರ್ಜಿ ಯಾವಾಗ ಅಂತ ಕೇಳಿ ಬನ್ನಿ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಮೀನು ಸಾಕುವವರಿಗೂ ಸಿಗುತ್ತದೆ, ಮೇವಿನ ಖರ್ಚಿಗೆ ಅದು ಒಳ್ಳೆಯದು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಮೂಡಿಗೆರೆಯಲ್ಲಿದೆ, ನಮ್ಮದು ಕಂದಲಿಯಲ್ಲಿ. ನೀರಿನ ಪರೀಕ್ಷೆ, ತರಬೇತಿ ಬಗ್ಗೆ ಅಲ್ಲಿ ವಿಚಾರಿಸಿ.

ಅರಸೀಕೆರೆ ತೆಂಗು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಿ ತಂಗಿ. ನಿಮ್ಮಲ್ಲಿ ಯಾರಿಗಾದರೂ ಕೃಷಿ ಹೊಂಡ ಇದೆಯಾ? 2014ರಲ್ಲಿ ಕೃಷಿ ಭಾಗ್ಯ ಬಂದಾಗ ನಮ್ಮ ಕಡೆ ಬಹಳ ಜನ ತೆಗೆಸಿದರು. ನನ್ನದು ಹತ್ತು ಮೀಟರ್ ಉದ್ದ, ಹತ್ತು ಅಗಲ, ಮೂರು ಆಳ. ಇಳಿಜಾರು ಕಳೆದರೆ ಒಂದೂವರೆ ಲಕ್ಷ ಲೀಟರ್ ಹತ್ತಿರ ನೀರು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ್ದೇನೆ. ಮಳೆ ಹಿಡಿದ ಮೇಲೆ ಬೆರಳುದ್ದದ ಕಾಟ್ಲಾ, ರೋಹು, ಗೆಂಡೆ ಮರಿ ಬಿಡುತ್ತೇನೆ. ಬೇಸಿಗೆಗೆ ನೀರು ಇಳಿಯುವ ಮುಂಚೆ ಹಿಡಿದು ಮಾರುತ್ತೇನೆ. ಹೊಂಡದ ತಳದ ಹಸಿರು ನೀರನ್ನು ಸಣ್ಣ ಪೈಪಿನಲ್ಲಿ ಟೊಮೆಟೊ, ಬದನೆ, ಸೊಪ್ಪಿನ ಮಡಿಗೆ ಬಿಡುತ್ತೇನೆ. ಡ್ರಿಪ್‌ನಲ್ಲಿ ಬಿಡಬೇಡಿ, ಕಟ್ಟಿಕೊಳ್ಳುತ್ತದೆ. ಆ ಮಡಿಗಳಿಗೆ ಯೂರಿಯಾ ಕೊಡುವುದನ್ನು ನಿಲ್ಲಿಸಿ ನಾಲ್ಕು ವರ್ಷ ಆಯಿತು.

ಇದನ್ನು ಅಕ್ವಾಪೋನಿಕ್ಸ್ ಅನ್ನುವುದಿಲ್ಲ, ನನಗೂ ಗೊತ್ತು. ಆದರೆ ಮೀನಿನ ನೀರಲ್ಲಿ ತರಕಾರಿ ಅನ್ನುವ ವಿದ್ಯೆ ಅದೇ. ಮೀನು ವಿರಳವಾಗಿ ಬಿಟ್ಟರೆ ಗಾಳಿ ಪಂಪ್ ಬೇಡ, ರಾತ್ರಿ ಎದ್ದು ಓಡುವುದು ಬೇಡ. ಮಣ್ಣೇ ತಾಯಿ ಥರ ಎಷ್ಟೋ ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಜಲ್ಲಿ, ಪೈಪಿಗೆ ಆ ಗುಣ ಇಲ್ಲ. ಒಂದು ವರ್ಷ ಹೀಗೆ ಮಾಡಿ ಮೀನಿನ ಸ್ವಭಾವ ಕಲಿತುಕೊಂಡು ಆಮೇಲೆ ಟ್ಯಾಂಕಿಗೆ ಹೋಗಿ.

ಹೊಂಡಕ್ಕೆ ಸುತ್ತ ಬೇಲಿ ಹಾಕಿಸಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಜಾರುತ್ತದೆ, ಬಿದ್ದರೆ ಈಜು ಬಂದವರಿಗೂ ಹತ್ತಿ ಬರಲು ಆಗಲ್ಲ. ಮಕ್ಕಳಿರುವ ಮನೆ ಅಂದರೆ ಇದನ್ನು ಮೊದಲು ಮಾಡಿ, ಮೀನು ಆಮೇಲೆ.

ಮೂಡಿಗೆರೆ ಅಡುಗೆಮನೆ:

ನಾನು ಕೊಳ್ಳುವ ಕಡೆಯಿಂದ ಹೇಳುತ್ತೇನೆ ಕಣಮ್ಮ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಹೋಂಸ್ಟೇ, ಅಡುಗೆ ನಾನೇ ನೋಡಿಕೊಳ್ಳುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಸೊಪ್ಪು ಅಂದರೆ ಚಿನ್ನ. ಹಿತ್ತಲಲ್ಲಿ ಹಾಕಿದ್ದೆಲ್ಲ ಮಳೆಗೆ ಕೊಳೆಯುತ್ತದೆ, ಪೇಟೆಯಿಂದ ಬರುವ ಕೊತ್ತಂಬರಿ ಬಿಚ್ಚಿದರೆ ಒಳಗೆ ಕಪ್ಪು ಲೋಳೆ. ನಿಮ್ಮ ಬಯಲು ಕಡೆ ಶೆಡ್ಡಿನ ಕೆಳಗೆ ಬೆಳೆದ ಸೊಪ್ಪು ಅದೇ ಹೊತ್ತಿಗೆ ಚೆನ್ನಾಗಿರುತ್ತದೆ, ಅಲ್ವಾ? ಅದೇ ನಿಮ್ಮ ಮಾರುಕಟ್ಟೆ.

ಆದರೆ ನಮಗೆ ಬೇಕಾದ್ದು ವಾರ ವಾರ ತಪ್ಪದೆ ಬರುವುದು. ಒಂದು ವಾರ ಐವತ್ತು ಕಟ್ಟು ತಂದು, ಮುಂದಿನ ವಾರ ಫೋನ್ ಎತ್ತದಿದ್ದರೆ ನಾವು ಮತ್ತೆ ಕೇಳುವುದಿಲ್ಲ. ಲೆಟ್ಯೂಸ್‌ಗಿಂತ ಮೊದಲು ಪುದೀನ, ಪಾಲಕ್ ಹಾಕಿ. ಲೆಟ್ಯೂಸ್ ಕೇಳುವ ಅತಿಥಿಗಳು ಡಿಸೆಂಬರ್ ರಜೆಯಲ್ಲಿ ಬರುತ್ತಾರೆ, ಪುದೀನ ದಿನವೂ ಬೇಕು. ಬೇರು ಸಮೇತ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ ಮೂರು ದಿನ ಹಾಗೇ ಇರುತ್ತದೆ.

ಮೀನು ಮುಟ್ಟದವರ ವಿಷಯ ಬರೆದಿದ್ದೀರಿ. ಇದನ್ನು ನೀವು ಕೊಳ್ಳುವವರಿಗೂ ಮುಚ್ಚಿಡಬೇಡಿ. ಸಸ್ಯಾಹಾರಿ ಅತಿಥಿಗಳು ಬರುತ್ತಾರೆ, ಮೀನಿನ ನೀರಲ್ಲಿ ಬೆಳೆದದ್ದು ಅಂತ ಆಮೇಲೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ. ನಾನಂತೂ ಮೊದಲೇ ಹೇಳಿ ಬಡಿಸುತ್ತೇನೆ. ಬೇಡ ಅಂದವರಿಗೆ ಬೇರೆ ಪಲ್ಯ ಮಾಡುತ್ತೇನೆ.

ಬಯಲುಸೀಮೆ ಸೊಸೆ:

ಎಲ್ಲರಿಗೂ ಕೈ ಮುಗಿದೆ. ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ನಿನ್ನೆ ಸಂಜೆ ಸಂಘದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬೋರ್ಡೋ ವಿಷಯ ಬಂದಾಗ ಎಲ್ಲರೂ ಸುಮ್ಮನಾದರು, ಯಾಕೆಂದರೆ ನಾವು ಜಾಗ ನೋಡಿದ್ದೇ ಅಡಿಕೆ ತೋಟದ ಪಕ್ಕ. ಈಗ ನಮ್ಮ ಅತ್ತೆಯ ಹಳೇ ಕೊಟ್ಟಿಗೆಗೆ ಬದಲಾಯಿಸಿದ್ದೇವೆ. ಅಲ್ಲಿ ಮನೆ ಕರೆಂಟ್ ಇದೆ, ರಾತ್ರಿ ಅತ್ತೆ ನಾಲ್ಕು ಸಲ ಏಳುತ್ತಾರೆ.

ಕಂಪನಿಯವರಿಗೆ ಫೋನ್ ಮಾಡಿ, ನೀವು ಹಾಕಿಕೊಟ್ಟು ಎರಡು ವರ್ಷ ದಾಟಿದ ಒಂದು ಘಟಕ ತೋರಿಸಿ, ಆ ರೈತರ ಹತ್ತಿರ ನಾವೇ ಮಾತಾಡುತ್ತೇವೆ ಅಂದೆ. ಆಮೇಲೆ ತಿಳಿಸುತ್ತೇವೆ ಅಂದರು. ಇನ್ನೂ ತಿಳಿಸಿಲ್ಲ.

ಆರು ಲಕ್ಷದ ಮಾತು ಬಿಟ್ಟಿದ್ದೇವೆ. ಸಾವಿರ ಲೀಟರಿನ ಒಂದೇ ಟ್ಯಾಂಕ್, ಎರಡು ಜಲ್ಲಿ ತೊಟ್ಟಿ, ಒಂದು ಗಾಳಿ ಪಂಪ್, ಬ್ಯಾಟರಿ. ಸಂಘದ ಉಳಿತಾಯದಿಂದಲೇ ಮಾಡುತ್ತೇವೆ, ಸಾಲ ಇಲ್ಲ. ಹೊಂಡ ಇರುವ ಒಂದು ಮನೆಯವರು ಅರಸೀಕೆರೆ ಅಣ್ಣ ಹೇಳಿದ ಹಾಗೆ ಮಳೆ ಬಂದ ಮೇಲೆ ಮರಿ ಬಿಡುತ್ತಾರೆ. ಮೀನು ಮುಟ್ಟದ ಮೂರು ಮನೆಯವರಿಗೆ ಸಸಿ ಎಬ್ಬಿಸುವುದು, ಕಟ್ಟು ಕಟ್ಟುವುದು, ಲೆಕ್ಕ ಬರೆಯುವುದು. ಅವರೇ ಇಷ್ಟಪಟ್ಟು ಒಪ್ಪಿದರು, ನನಗೆ ಅದೇ ದೊಡ್ಡ ಸಮಾಧಾನ.

ಎರಡು ಪ್ರಶ್ನೆ ಉಳಿದಿವೆ. ಆ ನಾಲ್ಕರಿಂದ ಆರು ವಾರದಲ್ಲಿ ಮೀನೇ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಏನು ತಿಂದು ಬೆಳೆಯುತ್ತದೆ? ಸೊಪ್ಪಿಗೆ ಹುಳ ಬಿದ್ದರೆ ಏನು ಹೊಡೆಯುವುದು?

ಯಗಚಿ ದಂಡೆ:

ದಿನಾ ಒಂದು ಚಿಟಿಕೆ ಮೀನಿನ ಮೇವನ್ನು ಖಾಲಿ ಟ್ಯಾಂಕಿಗೆ ಹಾಕುತ್ತಾ ಇರಿ ಅಕ್ಕ, ಅದು ಕೊಳೆತು ಅಮೋನಿಯಾ ಆಗುತ್ತದೆ. ನಡೆಯುತ್ತಿರುವ ಟ್ಯಾಂಕಿನ ಜಲ್ಲಿ ಒಂದು ಬಕೆಟ್ ಸಿಕ್ಕಿದರೆ ಇನ್ನೂ ಬೇಗ ಆಗುತ್ತದೆ. ನನ್ನ ಹತ್ತಿರ ಇದೆ, ಬೇಲೂರಿಗೆ ಬಂದಾಗ ತಗೊಂಡು ಹೋಗಿ. ಒದ್ದೆಯಾಗಿಯೇ ಇರಬೇಕು, ಬಿಸಿಲಿಗೆ ಒಣಗಿದರೆ ಸತ್ತು ಹೋಗುತ್ತದೆ. ಅಮೋನಿಯಾ ನೋಡುವ ಹನಿ ಔಷಧಿಯ ಕಿಟ್ ತಪ್ಪದೆ ಕೊಳ್ಳಿ. ಅಮೋನಿಯಾ, ನೈಟ್ರೈಟ್ ಎರಡೂ ಮೇಲೆ ಹೋಗಿ ಮತ್ತೆ ಸೊನ್ನೆಗೆ ಇಳಿದ ದಿನ ಮರಿ ತನ್ನಿ, ಅದಕ್ಕೆ ಮುಂಚೆ ಬೇಡ.

ಹುಳಕ್ಕೆ ಏನೂ ಹೊಡೆಯುವ ಹಾಗಿಲ್ಲ. ಸೊಪ್ಪಿಗೆ ಹೊಡೆದದ್ದು ಮೀನಿನ ನೀರಿಗೇ ಇಳಿಯುತ್ತದೆ. ಸುತ್ತ ಸೊಳ್ಳೆ ಪರದೆ ಥರದ ಬಲೆ ಕಟ್ಟಿ, ಹಳದಿ ಅಂಟು ಹಾಳೆ ತೂಗುಹಾಕಿ, ಬೆಳಗ್ಗೆ ಎಲೆ ತಿರುವಿ ಕೈಯಲ್ಲಿ ಆರಿಸಿ. ಎರಡು ತೊಟ್ಟಿಗೆ ಹತ್ತು ನಿಮಿಷದ ಕೆಲಸ.

ಹಾಸನ ಮೀನುಮರಿ:

ಮರಿ ತಂದ ದಿನ ಪ್ಲಾಸ್ಟಿಕ್ ಚೀಲ ಬಿಚ್ಚದೆ ಕಾಲು ಗಂಟೆ ಟ್ಯಾಂಕಿನ ನೀರಲ್ಲಿ ತೇಲಿಬಿಡಿ. ಆಮೇಲೆ ನಿಮ್ಮ ನೀರು ಸ್ವಲ್ಪ ಸ್ವಲ್ಪ ಚೀಲಕ್ಕೆ ಸೇರಿಸಿ ಬಿಡಿ. ಮೊದಲ ದಿನ ಮೇವು ಹಾಕಬೇಡಿ. ಜಾಸ್ತಿ ಮೇವು ಹಾಕಿ ಕೊಂದವರೇ ಜಾಸ್ತಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು ಮುಗಿಸದ್ದನ್ನು ಬಲೆಯಲ್ಲಿ ತೆಗೆದುಬಿಡಿ.

ಮೂಡಿಗೆರೆ ಅಡುಗೆಮನೆ:

ಮೊದಲ ಕೊಯ್ಲು ಎಷ್ಟೇ ಕಮ್ಮಿ ಇರಲಿ ನನಗೆ ಹೇಳಿ. ಗುರುವಾರ ಬೆಳಗ್ಗೆ ಚಿಕ್ಕಮಗಳೂರು ಬಸ್ಸಿಗೆ ಹಾಕಿ, ಅಲ್ಲಿಂದ ನಮ್ಮ ಹುಡುಗ ತರುತ್ತಾನೆ. ಹತ್ತು ಕಟ್ಟು ಪುದೀನ ನನ್ನ ಹೆಸರಿಗೆ ಈಗಲೇ ಬರೆದುಕೊಳ್ಳಿ.